ಮಾಯವ್ವನ ಬ್ಯಾಟ್ರಿ

ನಾಲ್ಕನೆಯ ಸಲ ಬಂದಾಗ ಬಂಡೆಪ್ಪಜ್ಜ ಬೈಯಲಿಲ್ಲ. ಹೆಗಲ ಮೇಲಿನ ಕಂಬಳಿ ಸರಿಸಿ, ಒಳಗಿಸೆಯಿಂದ ಆ ಹೆಬ್ಬೆರಳ ಗಾತ್ರದ ಬ್ಯಾಟ್ರಿ ತೆಗೆದು ನನ್ನ ಮುಂದಿನ ಹಲಗೆಯ ಮೇಲಿಟ್ಟ. ಆಮೇಲೆ ಅಂಗಡಿಯ ಮೆಟ್ಟಿಲ ಮೇಲೆ ಕುಳಿತು ರಸ್ತೆ ನೋಡತೊಡಗಿದ. ಬೈದಿದ್ದರೆ ಚೆನ್ನಾಗಿತ್ತು. ಬೈಸಿಕೊಳ್ಳುವುದು ನನಗೆ ರೂಢಿಯಿದೆ.

ನಮ್ಮ ಕಡೆ ಟಾರ್ಚಿಗೆ ಬ್ಯಾಟ್ರಿ ಅನ್ನುತ್ತಾರೆ, ಅದರ ಹೊಟ್ಟೆಯಲ್ಲಿರುವುದಕ್ಕೆ ಸೆಲ್ಲು. ಹುನಗುಂದದ ಬಸ್‌ಸ್ಟ್ಯಾಂಡಿನ ಹಿಂದಿನ ಓಣಿಯಲ್ಲಿ ಖಲೀಲಣ್ಣನ ಎಲೆಕ್ಟ್ರಿಕ್ ಅಂಗಡಿಯಿದೆ. ಅದರ ಬಾಗಿಲ ಪಕ್ಕ ಒಂದು ಹಲಗೆ, ಒಂದು ಸ್ಟೂಲು, ತಲೆಯ ಮೇಲೊಂದು ಬಲ್ಬು. ಐಟಿಐ ಮುಗಿಸಿದ ಮೇಲೆ ಎರಡು ವರ್ಷದಿಂದ ನಾನು ಅಲ್ಲಿ ಕೂರುತ್ತೇನೆ. ಮಿಕ್ಸರು, ಫ್ಯಾನು ಖಲೀಲಣ್ಣನ ಪಾಲು. ಸಣ್ಣವೆಲ್ಲ ನನ್ನ ಪಾಲು. ಸಣ್ಣವೆಂದರೆ ಮುಖ್ಯವಾಗಿ ಎಲ್‌ಇಡಿ ಬ್ಯಾಟ್ರಿಗಳು. ಅವುಗಳಲ್ಲಿ ದೀಪ ಕೆಡುವುದು ಅಪರೂಪ, ಕೆಡುವುದು ಗುಂಡಿ. ನನ್ನ ಅಜ್ಜಿ, ಅಂದರೆ ನಮ್ಮ ಆಯಿ ಗುರುಸಿದ್ದವ್ವನ ಕಥೆಗಳಲ್ಲಿ ರಾಜರು ಯುದ್ಧದಲ್ಲಿ ಸಾಯುತ್ತಿರಲಿಲ್ಲ. ಒಂದು ಮುಳ್ಳು ನೆಟ್ಟು, ಒಂದು ಕೂದಲು ಗಂಟಲಿಗೆ ಸಿಕ್ಕಿ ಸಾಯುತ್ತಿದ್ದರು. ಈ ಕೆಲಸಕ್ಕೆ ಕುಳಿತ ಮೇಲೆ ಅದು ಸುಳ್ಳಲ್ಲ ಅನ್ನಿಸಿದೆ. ಹಗಲೆಲ್ಲ ಉಗುರಿನ ಅರ್ಧದಷ್ಟು ಇರುವ ಗುಂಡಿಗಳನ್ನು ಬಿಚ್ಚಿ, ಒರೆಸಿ, ಜೋಡಿಸಿ, ಸಂಜೆ ಹೊತ್ತಿಗೆ ಕಣ್ಣೊಳಗೆ ಉಸುಕು ತುಂಬಿದಂತಾಗುತ್ತದೆ. ಮನೆಗೆ ಹೋಗಿ ಉಂಡದ್ದು ಏನೆಂದು ನೆನಪಿರುವುದಿಲ್ಲ.

ಬಂಡೆಪ್ಪಜ್ಜ ಐಹೊಳೆಯವನು, ಕುರಿ ಕಾಯುವವನು. ಮೊದಲ ಸಲ ಬಂದದ್ದು ಎರಡು ತಿಂಗಳ ಹಿಂದೆ.

"ತಂಗಿ, ಇದು ನನ್ನ ಹೆಂಡ್ತಿ ಬಾಯಿ ಐತಿ. ನೋಡಿ ಮಾಡು," ಅಂದಿದ್ದ.

"ಹೆಂಡ್ತಿ ಬಾಯಿ ಬಂದ್ ಆಗೇತಿ ಅಂದ್ರ ರಿಪೇರಿ ಯಾಕ ಬೇಕೋ ಅಜ್ಜಾ? ಆರಾಮ ಇರು," ಎಂದು ಖಲೀಲಣ್ಣ ಒಳಗಿನಿಂದ ನಕ್ಕ.

ಅಜ್ಜನೂ ನಕ್ಕ. ಆಮೇಲೆ ಹೇಳಿದ. ಹೋದ ವರ್ಷ ಅವನ ಹೆಂಡತಿ ಮಾಯವ್ವನಿಗೆ ಲಕ್ವಾ ಹೊಡೆಯಿತು. ಬಲಗೈ ಬಲಗಾಲು ಹೋದವು, ಅವುಗಳ ಜೊತೆಗೆ ಮಾತೂ ಹೋಯಿತು. ಮನೆ ಊರ ಅಂಚಿನಲ್ಲಿದೆ, ಕುರಿ ಕೂಡಿಹಾಕುವ ದಡ್ಡಿ ಹಳ್ಳದಾಚೆ ಹೊಲದಲ್ಲಿದೆ. ನಾಯಿ, ತೋಳ, ಕಳ್ಳರು, ಎಲ್ಲಕ್ಕೂ ಕಾವಲು ಬೇಕು. ಅಜ್ಜ ದಡ್ಡಿಯಲ್ಲೇ ಮಲಗಬೇಕು. ಅವಳು ಮಲಗುವ ಹೊರಸನ್ನು ಕಿಟಕಿಯ ಪಕ್ಕ ಹಾಕಿ, ಮಾಯವ್ವನ ಎಡಗೈಗೆ ಬ್ಯಾಟ್ರಿ ಕೊಟ್ಟು ಹೋಗುತ್ತಾನೆ. ಒಂದು ಸಲ ಬೆಳಕು ಬಿಟ್ಟರೆ ನೀರು. ಎರಡು ಸಲ ಬಿಟ್ಟರೆ, ಬಾ.

"ಗಂಟಿ ಕಟ್ಟಬೇಕಿಲ್ಲೇನು?" ಎಂದಿದ್ದ ಖಲೀಲಣ್ಣ.

"ಕಟ್ಟಿದ್ದೆ. ನೂರಾ ಇಪ್ಪತ್ತು ಕುರಿ, ಮೂವತ್ತು ಗಂಟಿ. ಹೆಂಡ್ತಿ ಗಂಟಿ ಯಾವುದು, ಟಗರಿನ ಗಂಟಿ ಯಾವುದು ಅಂತ ನಾ ಹೆಂಗ ತಿಳಕೋಬೇಕು?"

"ಫೋನು?"

"ಅಕಿ ಫೋನ್ ಹಚ್ಚಿ ಏನ್ ಮಾತಾಡ್ತಾಳ? ಗಾಜಿನ ಮ್ಯಾಲ ಬೆರಳು ಓಡಸಾಕೂ ಬರಂಗಿಲ್ಲ ಅಕಿಗಿ."

ಹೊಸ ಬ್ಯಾಟ್ರಿಯನ್ನೂ ಒಂದು ಸಲ ಒಯ್ದಿದ್ದನಂತೆ. "ಅದು ಒಂದ್ಸಲ ಒತ್ತಿದ್ರ ಝಗ್ ಅಂತಿತ್ತು, ಇನ್ನೊಂದ್ಸಲಕ್ಕ ಮಂದ, ಮೂರನೇ ಸಲಕ್ಕ ಪಕಪಕಾ ಅಂತ ಕುಣಿಯಾಕ ಹತ್ತಿತು. ನಾ ಚಪ್ಪಲಿ ಬಿಟ್ಟು ಹಳ್ಳ ಹಾರಿ ಓಡಿದೆ. ನೋಡಿದ್ರ ಅಕಿ ನೀರು ಕೇಳಿದ್ದಳಷ್ಟ. ನಾ ಏದುಸಿರು ಬಿಡೂದು ನೋಡಿ ನಗಾಕ ಹತ್ತಿದ್ಲು. ಆ ಸೊಟ್ಟ ಬಾಯಿಲೆ."

ಈ ಹಳೆಯ ಬ್ಯಾಟ್ರಿಯ ಗುಂಡಿ ಬಾಲದಲ್ಲಿದೆ. ಅರ್ಧ ಒತ್ತಿದರೆ ಹೊತ್ತುತ್ತದೆ, ಬಿಟ್ಟರೆ ಆರುತ್ತದೆ. ಶಕ್ತಿ ಕಡಿಮೆಯಿರುವ ಕೈಗೆ ಅದೇ ಸರಿ. ಅವತ್ತು ಬಿಚ್ಚಿ ನೋಡಿದೆ. ಒಳಗೆ ಗುಂಡಿಯ ತಗಡಿನ ಮೇಲೆ ಹಳದಿ ಕಲೆಯಿತ್ತು. ಸೆಲ್ಲು ಸೋರಿದ್ದು ಅಂದುಕೊಂಡೆ. ಸ್ಪಿರಿಟ್ ಹಚ್ಚಿ ಒರೆಸಿ ಕೊಟ್ಟೆ. ಇಪ್ಪತ್ತು ದಿನಕ್ಕೆ ಮತ್ತೆ ಬಂದ. ಗುಂಡಿಯನ್ನೇ ಬದಲಿಸಿದೆ. ಹದಿನೈದು ದಿನಕ್ಕೆ ಮತ್ತೆ ಬಂದ.

ಆ ಮೂರನೆಯ ಸಲದ್ದೇ ನನ್ನ ತಪ್ಪು. ಅವತ್ತು ಸಂತೆಯ ದಿನ. ಹಲಗೆಯ ಮೇಲೆ ಹದಿನೆಂಟು ಬ್ಯಾಟ್ರಿ, ಮೂರು ಚಾರ್ಜರು, ಒಂದು ಅಳುವ ಗೊಂಬೆ. ಹಿಂದಿನ ದಿನ ಆಯಿಗೆ ಕೆಮ್ಮೆಂದು ನನಗೂ ನಿದ್ದೆಯಿರಲಿಲ್ಲ. ನಾನು ಅಜ್ಜನ ಬ್ಯಾಟ್ರಿಯ ಬಾಲವನ್ನು ಬಿಚ್ಚಲೇ ಇಲ್ಲ. ಗುಂಡಿಯ ಸಂದಿಗೆ ಸ್ಪಿರಿಟ್ ಪುಸ್ಸೆಂದು ಹೊಡೆದು, ಹತ್ತು ಸಲ ಟಕಟಕ ಒತ್ತಿದೆ. ಹೊತ್ತಿತು. "ಒಯ್ರಿ ಯಜ್ಜಾ, ನೀರಾಗ ಬೀಳಸಬ್ಯಾಡ್ರಿ," ಅಂತ ಬುದ್ಧಿ ಬೇರೆ ಹೇಳಿದೆ.

"ನೀರಾಗ ಬಿದ್ದಿಲ್ಲ ತಂಗಿ," ಅಂದಿದ್ದ ಅವನು.

ಈಗ ನಾಲ್ಕನೆಯ ಸಲ. ನಾನೇ ಕೇಳಿದೆ.

"ಮತ್ತ ಬಂದ್ ಆತೇನ್ರಿ ಯಜ್ಜಾ?"

"ಹೂಂ."

"ಯಾವಾಗ?"

"ಶುಕ್ರವಾರ ರಾತ್ರಿ." ಅವನು ರಸ್ತೆಯ ಕಡೆಗೇ ಮುಖ ಮಾಡಿದ್ದ. "ಅಕಿ ಒತ್ತ್ಯಾಳ. ಎಷ್ಟ ಸಲ ಒತ್ತ್ಯಾಳೋ ಏನೋ. ಹತ್ತಿಲ್ಲ. ತಾನ ಏಳಾಕ ಹೋಗಿ ಹೊರಸಿನಿಂದ ಕೆಳಗ ಬಿದ್ದಾಳ. ಬೆಳಗಾದ ಮ್ಯಾಲ ನಾ ಹೋಗಿ ನೋಡಿದ್ರ ನೆಲದ ಮ್ಯಾಲ ಇದ್ಲು. ಬ್ಯಾಟ್ರಿ ಕೈಯಾಗ ಹಂಗ ಹಿಡಕೊಂಡಿದ್ಲು."

ಖಲೀಲಣ್ಣ ಈ ಸಲ ನಗಲಿಲ್ಲ. "ಪೆಟ್ಟು?"

"ಸೊಂಟಕ್ಕ. ದವಾಖಾನಿಗೆ ತೋರ್ಸೀನಿ. ಮುರದಿಲ್ಲ ಅಂದ್ರು." ಕಂಬಳಿಯ ಅಂಚು ಎಳೆದುಕೊಂಡ. "ಮೂರು ದಿನ ಆತು, ದಡ್ಡಿಗೆ ಹೋಗಿಲ್ಲ. ನಿನ್ನೆ ನಾಯಿಗೋಳು ಒಂದು ಕುರಿಮರಿ ಒಯ್ದವು. ಇದು ಹತ್ತಂಗಿಲ್ಲ ಅಂದ್ರ ಹೇಳಿಬಿಡು ತಂಗಿ. ಕುರಿ ಮಾರಿಬಿಡ್ತೇನಿ. ಕುರಿ ನೋಡ್ಲೋ, ಅಕಿನ್ನ ನೋಡ್ಲೋ?"

ನನ್ನ ಕೈಯಲ್ಲಿದ್ದ ಸ್ಕ್ರೂ ಡ್ರೈವರ್ ಹಲಗೆಯ ಮೇಲಿಟ್ಟೆ. ಉಳಿದ ಬ್ಯಾಟ್ರಿಗಳನ್ನೆಲ್ಲ ಡಬ್ಬಿಗೆ ತುಂಬಿ ಸರಿಸಿದೆ. ಶುಕ್ರವಾರ ಆ ಹೊತ್ತಿಗೆ ನಾನು ಆಯಿಯ ಪಕ್ಕ ಮಲಗಿದ್ದೆ. ಅವಳು ಮಾತು ಕಳೆದುಕೊಂಡ ರಾಜಕುಮಾರಿಯ ಕಥೆ ಹೇಳುತ್ತಿದ್ದಳು. ರಾಜಕುಮಾರಿಯ ಮಾತನ್ನು ಒಬ್ಬ ಮುದುಕಿ ಕುಡಿಕೆಯಲ್ಲಿ ಹಾಕಿ, ಬಾಯಿಗೆ ಅರಿವೆ ಕಟ್ಟಿ, ಬಾವಿಯ ದಂಡೆಯಲ್ಲಿ ಹೂತಿರುತ್ತಾಳೆ. ಹುಡುಕಲು ಬಂದವರೆಲ್ಲ ಬಾವಿಯೊಳಗೆ ಇಣುಕುತ್ತಾರೆ. ಕುಡಿಕೆಯ ಮೇಲೆಯೇ ಕುಳಿತು ಇಣುಕುತ್ತಾರೆ. ಅಲ್ಲಿಗೆ ಬರುವಷ್ಟರಲ್ಲಿ ಆಯಿಗೆ ಯಾವಾಗಲೂ ನಿದ್ದೆ ಹತ್ತುತ್ತದೆ. ಮಾತು ಸಿಕ್ಕಿತೋ ಇಲ್ಲವೋ ನನಗೆ ಇಂದಿಗೂ ಗೊತ್ತಿಲ್ಲ.

ಬ್ಯಾಟ್ರಿಯ ಬಾಲವನ್ನು ತಿರುಗಿಸಿ ಬಿಚ್ಚಿದೆ. ಮೊದಲು ಮಾಡುವ ಪರೀಕ್ಷೆ ಒಂದೇ. ಒಂದು ತುಂಡು ತಂತಿ ತೆಗೆದುಕೊಂಡು, ಒಂದು ತುದಿಯನ್ನು ಸೆಲ್ಲಿನ ಹಿಂಭಾಗಕ್ಕೆ, ಇನ್ನೊಂದು ತುದಿಯನ್ನು ಕೊಳವೆಯ ಅಂಚಿಗೆ ಮುಟ್ಟಿಸಬೇಕು. ಮುಟ್ಟಿಸಿದೆ. ದೀಪ ಕಣ್ಣಿಗೆ ಹೊಡೆಯುವಂತೆ ಹೊತ್ತಿತು. ದೀಪ ಸರಿಯಿದೆ, ಸೆಲ್ಲು ಸರಿಯಿದೆ. ಕೆಟ್ಟದ್ದು ಬಾಲವೇ. ಬಾಲದೊಳಗಿನ ಬಿಲ್ಲೆಯನ್ನು ಚಿಮಟದಿಂದ ತಿರುಗಿಸಿ ತೆಗೆದೆ. ಸ್ಪ್ರಿಂಗು ಬಂತು, ಗುಂಡಿ ಬಂತು. ಗುಂಡಿಯ ಮೇಲಿನ ರಬ್ಬರ್ ಟೊಪ್ಪಿಗೆ ಸೀಳಿತ್ತು. ಮೀಟರ್ ಹಚ್ಚಿ ಗುಂಡಿ ಒತ್ತಿದೆ. ಮುಳ್ಳು ಅಲ್ಲಾಡಲಿಲ್ಲ.

ಒಳಗೆ ಅದೇ ಹಳದಿ. ಈ ಸಲ ಇನ್ನೂ ದಪ್ಪ, ಎಣ್ಣೆಯಲ್ಲಿ ಕಲಸಿದ ಹಾಗೆ. ಸೆಲ್ಲು ಸೋರಿದ್ದಾದರೆ ಉಪ್ಪಿನಂತೆ ಗಟ್ಟಿಯಿರಬೇಕಿತ್ತು. ಬೆರಳಿಗೆ ಹಚ್ಚಿಕೊಂಡು ಉಜ್ಜಿದೆ, ಮೆತ್ತಗಿತ್ತು. ಮೂಗಿನ ಹತ್ತಿರ ಹಿಡಿದೆ. ಅರಿಷಿಣ.

"ಯಜ್ಜಾ, ಇದನ್ನ ಅಡಗಿ ಮನ್ಯಾಗ ಇಡ್ತೀರೇನು?"

"ಇಲ್ಲಲ್ಲ. ಅಕಿ ಕೈಯಾಗ ಇರ್ತೈತಿ."

"ಮತ್ತ ಅರಿಷಿಣ ಎಲ್ಲಿಂದ ಬಂತು?"

"ಅರಿಷಿಣ ಅಲ್ಲ ಅದು," ಎಂದ ಅಜ್ಜ, ಮಗುವಿಗೆ ತಿದ್ದಿ ಹೇಳುವಂತೆ. ಸೊಂಟದ ಚೀಲದ ದಾರ ಸಡಿಲಿಸಿ, ಒಳಗಿನ ಹಳದಿ ಪುಡಿಯನ್ನು ತೋರಿಸಿದ. "ಭಂಡಾರ. ನಮ್ಮ ದೇವರು ಬೀರಪ್ಪನ ಭಂಡಾರ. ದಿನಾ ಸಂಜಿಗೆ ಅಕಿ ಹಣಿಗೆ ಹಚ್ತೇನಿ, ಆಮ್ಯಾಲ ಇದಕ್ಕ ಹಚ್ತೇನಿ."

"ಎಲ್ಲಿ ಹಚ್ತೀರಿ ಇದಕ್ಕ?"

"ಗುಂಡಿಗೆ. ಮತ್ತೆಲ್ಲಿ? ಅಕಿ ಬೆರಳಿಡೂದು ಅಲ್ಲೇ ಅಲ್ಲೇನು?" ಅಜ್ಜ ತನ್ನ ಹೆಬ್ಬೆರಳನ್ನು ಚೀಲದಲ್ಲಿ ಅದ್ದಿ, ಗಾಳಿಯಲ್ಲೇ ಒತ್ತಿ ತೋರಿಸಿದ. "ಎಣ್ಣಿ ಒಂದು ಹನಿ, ಭಂಡಾರ ಒಂದು ಚಿಟಿಕಿ. ಎರಡನೇ ಸಲ ಕೆಟ್ಟ ಮ್ಯಾಲ ಎರಡು ಚಿಟಿಕಿ ಹಚ್ಚಾಕ ಸುರು ಮಾಡಿದೆ. ಮೂರನೇ ಸಲ ಕೆಟ್ಟ ಮ್ಯಾಲ ಮೂರು."

ಖಲೀಲಣ್ಣ ನನ್ನ ಮುಖ ನೋಡಿದ. ನಾನು ಹಲಗೆ ನೋಡಿದೆ.

ಒಂದು ಹನಿ ಎಣ್ಣೆಯಲ್ಲಿ ಕಲಸಿದ ಪುಡಿ ಸೀಳಿದ ರಬ್ಬರಿನಿಂದ ದಿನಾ ಒಳಗಿಳಿದು, ತಗಡಿಗೂ ತಗಡಿಗೂ ನಡುವೆ ಗೋಡೆ ಕಟ್ಟಿತ್ತು. ಬ್ಯಾಟ್ರಿ ಕೆಟ್ಟಷ್ಟೂ ಅವನ ಭಕ್ತಿ ಹೆಚ್ಚಿತು. ಭಕ್ತಿ ಹೆಚ್ಚಿದಷ್ಟೂ ಬ್ಯಾಟ್ರಿ ಬೇಗ ಕೆಟ್ಟಿತು.

"ಯಜ್ಜಾ," ಎಂದೆ, "ಬ್ಯಾಟ್ರಿ ಕೆಡಸೂದು ಇದ ನೋಡ್ರಿ. ಇನ್ನ ಮ್ಯಾಲ ಗುಂಡಿಗೆ ಭಂಡಾರ ಹಚ್ಚಬ್ಯಾಡ್ರಿ."

ಚೀಲದ ದಾರವನ್ನು ಬಿಗಿದ. ಮತ್ತೆ ಸಡಿಲಿಸಿದ.

"ಅಕಿನ್ನ ಒಬ್ಬಕಿನ್ನ ಬಿಟ್ಟು ಹೋಗಬೇಕಲ್ಲ ತಂಗಿ. ಅಕಿನ್ನ ನಾ ಬೀರಪ್ಪನ ಕೈಯಾಗ ಇಟ್ಟು ಹೋಗ್ತೇನಿ. ಹಚ್ಚಲಾರದ ಹೆಂಗ ಹೊಸ್ತಿಲ ದಾಟ್ಲಿ?" ಆಮೇಲೆ ಧ್ವನಿ ಇಳಿಸಿದ. "ಹಂಗಾದ್ರ ಅಕಿ ಬಿದ್ದದ್ದು ನನ್ನ ಕೈಲೆ ಅಂತೀಯೇನು?"

ಆ ಪ್ರಶ್ನೆಗೆ ಹೂಂ ಎಂದಿದ್ದರೆ ನಾನು ಪಾರಾಗುತ್ತಿದ್ದೆ. ಅವನು ನಂಬುತ್ತಿದ್ದ. ಕಂಬಳಿ ಹೊದ್ದು ಬಸ್ಸು ಹತ್ತಿ ಹೋಗಿ, ಆ ಭಾರವನ್ನು ಸಾಯುವ ತನಕ ಹೊರುತ್ತಿದ್ದ.

"ಇಲ್ಲ ಯಜ್ಜಾ," ಎಂದೆ. "ನನ್ನ ಕೈಲೆ. ಹೋದ ಸಲ ನಾ ಇದನ್ನ ಬಿಚ್ಚೇ ನೋಡಲಿಲ್ಲ. ಮ್ಯಾಲ ಮ್ಯಾಲ ಒರಸಿ ಕೊಟ್ಟೆ. ಬಿಚ್ಚಿದ್ರ ಅವತ್ತ ಗೊತ್ತಾಗತಿತ್ತು. ದಣದಿದ್ದೆ."

ಓಣಿಯಲ್ಲಿ ಯಾರದೋ ಬೈಕು ಹೋಯಿತು. ಅಜ್ಜ ನನ್ನನ್ನು ದಿಟ್ಟಿಸಿ ನೋಡಿದ. ಆ ನೋಟದಲ್ಲಿ ಸಿಟ್ಟು ಹುಡುಕಿದೆ; ಇದ್ದದ್ದು ನನ್ನ ಕಣ್ಣುಗಳಲ್ಲಿರುವಂಥದೇ ಉಸುಕು.

"ದಣಿವು ಎಲ್ಲಾರಿಗೂ ಐತಿ," ಎಂದ. "ಬೀರಪ್ಪ ಇಬ್ಬರನ್ನೂ ನೋಡ್ಯಾನ. ಈಗ ಮಾಡು."

ಮಾಡಲು ಕುಳಿತೆ. ಕುಳಿತಾಗ ನನ್ನ ಮೀಟರಿನ ಕಡೆ ಕಣ್ಣು ಹೋಯಿತು. ಅದರ ಹಣೆಯ ಮೇಲೆ ಮೂರು ಬೆರಳಿನ ಬಿಳಿ ಗೆರೆ ಇನ್ನೂ ಅರ್ಧ ಉಳಿದಿತ್ತು. ದಿನಾ ಬೆಳಿಗ್ಗೆ ಆಯಿ ಪೂಜೆ ಮುಗಿಸಿ ನನ್ನ ಹಣೆಗೆ ವಿಭೂತಿ ಹಚ್ಚುತ್ತಾಳೆ. ಹಾಗೆಯೇ ನನ್ನ ಚೀಲ ತೆರೆದು ಮೀಟರಿಗೂ ಹಚ್ಚುತ್ತಾಳೆ. ನಾನು ಅಂಗಡಿಗೆ ಬಂದು ಮುಳ್ಳು ಸಿಕ್ಕಿಕೊಳ್ಳದಿರಲೆಂದು ಓಢಣಿಯ ತುದಿಯಿಂದ ಒರೆಸುತ್ತೇನೆ. ಎರಡು ವರ್ಷದಿಂದ ಒರೆಸುತ್ತಿದ್ದೇನೆ. ಹಚ್ಚಬೇಡ ಎಂದು ಆಯಿಗೆ ಒಂದು ದಿನವೂ ಹೇಳಿಲ್ಲ. ಅಜ್ಜನಿಗೆ ಮಾತ್ರ ಎಷ್ಟು ಸುಲಭವಾಗಿ ಹೇಳಿಬಿಟ್ಟೆ!

ಭಂಡಾರ ನಿಲ್ಲುವುದಿಲ್ಲ. ನಿಲ್ಲಬೇಕಾದದ್ದು ಅದು ಒಳಗಿಳಿಯುವುದು.

ತಗಡುಗಳನ್ನು ಸ್ಪಿರಿಟ್ಟಿನಲ್ಲಿ ತೊಳೆದೆ, ಸ್ಯಾಂಡ್ ಪೇಪರಿನ ಸಣ್ಣ ಚೂರಿನಿಂದ ಹೊಳೆಯುವ ತನಕ ಉಜ್ಜಿದೆ. ಕೊಳವೆಯ ತಿರುಪಿನ ಹಲ್ಲುಗಳಲ್ಲೂ ಹಳದಿ ಸೇರಿತ್ತು, ಅದನ್ನೂ ಸೂಜಿಯಿಂದ ಕೆರೆದೆ. ಹೊಸ ಗುಂಡಿ ಹಾಕಿದೆ. ಸೀಳಿದ ಟೊಪ್ಪಿಗೆಗೆ ಬದಲು ಸೈಕಲ್ ಟ್ಯೂಬಿನ ತುಂಡು ಹಚ್ಚಿ ನೋಡಿದೆ, ಗಟ್ಟಿಯಾಯಿತು. ನನ್ನ ಎಡಗೈಯ ಕಿರುಬೆರಳಿನಿಂದ ಒತ್ತಿದೆ. ಹೊತ್ತಲಿಲ್ಲ. ಮಾಯವ್ವನ ಹೆಬ್ಬೆರಳಿಗೆ ನನ್ನ ಕಿರುಬೆರಳಿನಷ್ಟು ಬಲವಾದರೂ ಇದೆಯೋ ಇಲ್ಲವೋ.

"ಫುಗ್ಗಾ ನೋಡು," ಎಂದ ಖಲೀಲಣ್ಣ ಇದ್ದಕ್ಕಿದ್ದಂತೆ.

"ಏನು?"

"ಫುಗ್ಗಾ. ಹುಟ್ಟಿದ ಹಬ್ಬಕ್ಕ ಊದ್ತಾರಲ್ಲ." ಅವನೇ ಎದ್ದು ಪಕ್ಕದ ಅಂಗಡಿಯಿಂದ ಒಂದು ಪೊಟ್ಟಣ ತಂದ. "ಯಾವ ಬಣ್ಣ ಬೇಕೋ ಅಜ್ಜಾ ನಿನ್ನ ರಾಣಿಗೆ?"

"ಹಳದಿ ಇದ್ರ ಹಳದಿ," ಎಂದ ಅಜ್ಜ, ನಗದೆ.

ಹಳದಿ ಫುಗ್ಗೆಯ ಬಾಯಿ ಕತ್ತರಿಸಿ, ಉಳಿದದ್ದನ್ನು ಬ್ಯಾಟ್ರಿಯ ಬಾಲಕ್ಕೆ ಎಳೆದು ತೊಡಿಸಿದೆ. ಅಜ್ಜ ಕಂಬಳಿಯ ಅಂಚಿನಿಂದ ಒಂದು ಕರಿ ಉಣ್ಣೆಯ ಎಳೆ ಕಿತ್ತು ಕೊಟ್ಟ. ಅದರಿಂದ ಸುತ್ತಿ, ಬಿಗಿದು, ಗಂಟು ಹಾಕಿದೆ. ಕಿರುಬೆರಳಿನಿಂದ ಒತ್ತಿದೆ. ಹೊತ್ತಿತು. ಬಿಟ್ಟೆ. ಆರಿತು. ಅಜ್ಜನ ಚೀಲದಿಂದಲೇ ಒಂದು ಚಿಟಿಕೆ ಭಂಡಾರ ಕೇಳಿ, ಎಣ್ಣೆ ಹಚ್ಚಿ, ಫುಗ್ಗೆಯ ಮೇಲೆ ತಿಕ್ಕಿದೆ. ಮತ್ತೆ ಒತ್ತಿದೆ. ನೂರು ಸಲ ಒತ್ತಿದೆ. ನಡುವೆ ಎಣಿಕೆ ತಪ್ಪಿ ಮತ್ತೆ ಮೊದಲಿನಿಂದ ಒತ್ತಿದೆ. ಬಿಚ್ಚಿ ನೋಡಿದೆ. ಒಳಗೆ ಸ್ವಚ್ಛ.

"ಎಣ್ಣಿ ತಾಗಿದ್ರ ಈ ಫುಗ್ಗಾ ಭಾಳ ದಿನ ಬಾಳಂಗಿಲ್ಲ ಯಜ್ಜಾ. ಎಣ್ಣಿ ಬಿಡ್ರಿ, ಒಣಾ ಭಂಡಾರ ಹಚ್ರಿ. ಆದ್ರೂ ತಿಂಗಳಿಗೊಮ್ಮೆ ಬದಲಿ ಮಾಡಬೇಕು."

"ಎಣ್ಣಿ ಬಿಡ್ತೇನಿ. ಎಣ್ಣಿ ನಾನ ಸೇರಿಸಿದ್ದು, ಬೀರಪ್ಪ ಕೇಳಿಲ್ಲ." ಅವನು ಬ್ಯಾಟ್ರಿಯನ್ನು ಕೈಯಲ್ಲಿ ತೂಗಿದ. "ಅಕಿ ಒತ್ತಿದ್ರ ಹತ್ತತೈತೇನು?"

ನನ್ನ ಕಿರುಬೆರಳು ಅವಳ ಹೆಬ್ಬೆರಳಲ್ಲ. ಹತ್ತುತ್ತದೆ ಎಂದು ಹೇಳಲು ಬಾಯಿ ಬರಲಿಲ್ಲ. ಮೂರು ಸಲ ಹಾಗೆ ಹೇಳಿ ಕಳಿಸಿದ್ದೆ.

"ಹೋಗಿ ನೋಡಿ ಬಾ," ಎಂದ ಖಲೀಲಣ್ಣ. "ಹಲಗಿ ಎಲ್ಲಿ ಓಡಿ ಹೋಗತೈತಿ?"

ಅಮೀನಗಡದ ಮೇಲೆ ಐಹೊಳೆಗೆ ಹೋಗುವ ಬಸ್ಸಿನಲ್ಲಿ ನಾನು ಅರ್ಧ ದಾರಿ ನಿದ್ದೆ ಹೋದೆ. ಅಜ್ಜ ಬ್ಯಾಟ್ರಿಯನ್ನು ಮುಷ್ಟಿಯಲ್ಲಿ ಹಿಡಿದು ನೆಟ್ಟಗೆ ಕುಳಿತಿದ್ದ.

ಮನೆ ಸಣ್ಣದು, ಕಲ್ಲಿನದು. ಮಾಯವ್ವ ಕಿಟಕಿಯ ಪಕ್ಕದ ಹೊರಸಿನ ಮೇಲೆ ಒರಗಿದ್ದಳು. ಮುಖದ ಅರ್ಧ ಇಳಿದಿತ್ತು, ಉಳಿದರ್ಧದಲ್ಲಿ ಕಣ್ಣು ಚುರುಕಾಗಿತ್ತು. ಮೊಣಕೈ ಮೇಲೆ ಶುಕ್ರವಾರದ ತರಚಿದ ಗಾಯ ಕಪ್ಪಾಗಿತ್ತು. ನಾನು ಅದನ್ನು ನೋಡಿದ್ದನ್ನು ಅವಳು ನೋಡಿ, ಸೆರಗು ಎಳೆದುಕೊಂಡಳು.

"ಬ್ಯಾಟ್ರಿ ಮಾಡೂ ಹುಡಿಗಿ," ಎಂದ ಅಜ್ಜ. "ಮಹೇಶ್ವರಿ ಅಂತ. ತಾನ ಬಂದಾಳ."

ಸಂಜೆಯಾಗಿತ್ತು. ಅಜ್ಜ ಚೀಲ ತೆಗೆದು ಅವಳ ಹಣೆಗೆ ಭಂಡಾರ ಹಚ್ಚಿದ. ಹೆಬ್ಬೆರಳನ್ನು ಫುಗ್ಗೆಯ ಮೇಲೂ ಒತ್ತಿ, ಬ್ಯಾಟ್ರಿಯನ್ನು ಅವಳ ಎಡಗೈಗೆ ಕೊಟ್ಟ. ಅವಳು ಫುಗ್ಗೆಯನ್ನು ಅನುಮಾನದಿಂದ ನೋಡಿದಳು.

"ನಾ ದಡ್ಡಿ ತನಕ ಹೋಗ್ತೇನಿ," ಎಂದೆ. "ಯಜ್ಜಾ, ನೀವು ಇಲ್ಲೇ ಇರ್ರಿ. ಒಂದ್ಸಲ ಒತ್ತಾಕ ಹೇಳ್ರಿ. ಕಂಡ್ರ ನಾ ಓಢಣಿ ಬೀಸ್ತೇನಿ, ಹಂಗ ಬಸ್ಸಿಗೆ ಹೋಗ್ತೇನಿ. ಇನ್ನೊಂದ ಬಸ್ ಐತಲ್ಲ, ಕಡೀದು."

ಹಳ್ಳದಲ್ಲಿ ನೀರಿರಲಿಲ್ಲ. ಕಲ್ಲುಗಳ ಮೇಲೆ ಕಾಲಿಡುತ್ತ ದಾಟಿದೆ. ದಡ್ಡಿಯ ಮುಳ್ಳುಬೇಲಿಯ ಹತ್ತಿರ ನಿಂತಾಗ ಕುರಿಗಳು ಒಂದಕ್ಕೊಂದು ಒತ್ತಿಕೊಂಡು ನನ್ನನ್ನು ನೋಡಿದವು. ಹಳ್ಳದಾಚೆ ಮನೆ ಬೆಂಕಿಪೊಟ್ಟಣದಷ್ಟು ಕಾಣುತ್ತಿತ್ತು, ಕಿಟಕಿ ಅದರ ಮೇಲೊಂದು ಕರಿ ಚುಕ್ಕೆ. ಹೊತ್ತು ಮುಳುಗಿ ಬೆಳಕು ಬೂದಿಯಂತಾಗಿತ್ತು.

ಕಾಯ್ದೆ. ಏನೂ ಬರಲಿಲ್ಲ.

ಫುಗ್ಗೆ ಗಟ್ಟಿಯಾಯಿತೇ? ಬೆರಳು ಜಾರುತ್ತಿದೆಯೇ? ಕುರಿಯೊಂದು ಕೆಮ್ಮಿತು. ಇನ್ನೇನು ಹಿಂತಿರುಗಿ ಹೊರಡಬೇಕೆನ್ನುವಷ್ಟರಲ್ಲಿ ಕರಿ ಚುಕ್ಕೆಯಲ್ಲಿ ಒಂದು ಬಿಳಿ ಚುಕ್ಕೆ ಮೂಡಿತು. ಮಂದವಲ್ಲ, ನಡುಗಲಿಲ್ಲ. ಮೂಡಿತು, ಆರಿತು.

ನಾನು ಓಢಣಿ ತೆಗೆದು ಎರಡೂ ಕೈಯಿಂದ ಬೀಸಿದೆ. ಕಂಡಿತೋ ಇಲ್ಲವೋ ತಿಳಿಯದು. ಆದರೂ ಬೀಸಿದೆ. ಆಮೇಲೆ ಚೀಲ ಹೆಗಲಿಗೇರಿಸಿ, ಹಳ್ಳದ ಗುಂಟ ರಸ್ತೆಯ ಕಡೆಗೆ ನಡೆದೆ. ಬಸ್ಸಿಗೆ ಹೊತ್ತಾಗಿತ್ತು. ಮನೆಯಲ್ಲಿ ಆಯಿ ಕಾಯುತ್ತಿರುತ್ತಾಳೆ.

ಹತ್ತು ಹೆಜ್ಜೆ ಹೋಗಿರಬೇಕು, ನನ್ನ ಮುಂದಿನ ಕಲ್ಲುಗಳ ಮೇಲೆ ತೆಳ್ಳಗೆ ಬೆಳಕು ಬಿದ್ದು ಹೋಯಿತು. ತಿರುಗಿದೆ. ಕಿಟಕಿಯಲ್ಲಿ ಮತ್ತೊಮ್ಮೆ ಮೂಡಿತು, ಆರಿತು.

ಎರಡು.

ಅಜ್ಜ ಅವಳ ಪಕ್ಕದಲ್ಲೇ ಇದ್ದ. ದಡ್ಡಿಯ ಕಡೆ ಇದ್ದವಳು ನಾನೊಬ್ಬಳೇ.

ನಿಂತೆ. ದೂರದ ರಸ್ತೆಯಲ್ಲಿ ಬಸ್ಸಿನ ದೀಪಗಳು ತಿರುವಿನಲ್ಲಿ ಕಂಡವು. ಓಡಿದರೆ ಸಿಗುತ್ತಿತ್ತೋ ಏನೋ. ಕಿಟಕಿಯಲ್ಲಿ ಮತ್ತೆ ಎರಡು ಸಲ, ಈ ಸಲ ಸ್ವಲ್ಪ ಅವಸರದಲ್ಲಿ, ಮಾತು ಕೇಳದ ಹುಡುಗಿಯನ್ನು ಗದರಿಸಿ ಕರೆಯುವಂತೆ.

ನಾನು ಕಲ್ಲುಗಳ ಮೇಲೆ ಕಾಲಿಡುತ್ತ ಹಳ್ಳ ದಾಟಿದೆ. ಬಾಗಿಲಲ್ಲಿ ಅಜ್ಜ ಕೈ ತೊಳೆಯಲು ತಂಬಿಗೆ ಹಿಡಿದು ನಿಂತಿದ್ದ.

"ನಾ ಹೇಳಿಲ್ಲವಾ ಅಕಿಗೆ," ಎಂದ. "ಬಸ್ಸಿಗೆ ಹೋಗ್ತಾಳ, ಬಿಡು ಅಂದೆ. ಕೇಳಲಿಲ್ಲ. ರೊಟ್ಟಿ ತಿನ್ನಲಾರದ ಕಳಸ್ತೀಯೇನು ಅಂತ ಕಣ್ಣು ಬಿಟ್ಲು. ಮೊದಲಿಂದ ಹಿಂಗ ಅಕಿ, ಬಾಯಿ ಭಾಳ. ಕುಂದರು. ನಿಮ್ಮ ಖಲೀಲಗ ಫೋನ್ ಮಾಡಿ ಮನಿಗೆ ಹೇಳಸು. ನಸುಕಿನ್ಯಾಗ ಬಸ್ ಐತಿ."

ಮಾಯವ್ವ ಬ್ಯಾಟ್ರಿಯ ಬೆಳಕನ್ನು ನನ್ನ ಮುಖದ ಮೇಲೆ ಬಿಡಲಿಲ್ಲ, ರೊಟ್ಟಿಬುಟ್ಟಿಯ ಮೇಲೆ ಬಿಟ್ಟಳು. ನಾನು ಗೋಡೆಗೆ ಒರಗಿ ಕುಳಿತೆ. ಅಜ್ಜ ತನ್ನ ಪಾಲಿನ ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿಕೊಂಡು, ಮೂರು ದಿನದ ಮೇಲೆ ಮೊದಲ ಸಲ, ಕಂಬಳಿ ಹೆಗಲಿಗೆ ಹಾಕಿ ದಡ್ಡಿಯ ಕಡೆ ಹೊರಟ. ಹೊಸ್ತಿಲು ದಾಟುವಾಗ ತಿರುಗಿ ಒಂದು ಸಲ ಬ್ಯಾಟ್ರಿಯ ಕಡೆ ನೋಡಿದ, ಆಮೇಲೆ ನೋಡಲಿಲ್ಲ.